ಖಾಲಿ ಜಾಗಕ್ಕೆ ಎಸೆಯುವವರು

ಒಂಬೈನೂರು ರೂಪಾಯಿ. ಒಂದು ರೂಪಾಯಿಯನ್ನೂ ಇಳಿಸದೆ ಕೊಟ್ಟೆ. ಇದನ್ನು ಬಂಟ್ವಾಳ ಪೇಟೆಯಲ್ಲಿ ಯಾರಿಗೆ ಹೇಳಿದರೂ ನಂಬುವುದಿಲ್ಲ. ನಮ್ಮ ಮನೆಯವರಂತೂ ಜ್ವರವೇನಾದರೂ ಇದೆಯೇ ಎಂದು ನನ್ನ ಹಣೆ ಮುಟ್ಟಿ ನೋಡಿದರು. ಅವರ ತಪ್ಪಿಲ್ಲ. ಒಂದು ಹೊಲಿಗೆ ಯಂತ್ರದಿಂದ ಶುರುಮಾಡಿ ಶಾಲಾ ಯೂನಿಫಾರ್ಮಿನ ದೊಡ್ಡ ಅಂಗಡಿ ಕಟ್ಟಿದವಳು ನಾನು. ಮದುವೆಯ ದಿನ ಮಂಟಪದಲ್ಲಿ ಕುಳಿತೇ ಫೋಟೋಗ್ರಾಫರನ ಜೊತೆ ಆಲ್ಬಮ್ಮಿನ ದರ ಮಾತಾಡಿದವಳು.

ಕೊಂಡದ್ದು ಒಂದು ಬಾಸ್ಕೆಟ್‌ಬಾಲ್. ನಮ್ಮ ಮನೆಯಲ್ಲಿ ಅದನ್ನು ಆಡುವವರು ಯಾರೂ ಇಲ್ಲ. ಮೂಡುಬಿದಿರೆಗೆ ನಾನು ಹೋದದ್ದು ಶಾಲಾ ಬೆಲ್ಟುಗಳ ಸಗಟು ವ್ಯಾಪಾರಕ್ಕೆ. ಬಸ್‌ಸ್ಟ್ಯಾಂಡಿನ ಹತ್ತಿರದ ಆಟದ ಸಾಮಾನಿನ ಅಂಗಡಿಯವರು, “ಹಿಡಿದು ನೋಡಿ ಅಕ್ಕ, ನೋಡ್ಲಿಕ್ಕೆ ದುಡ್ಡಿಲ್ಲ” ಎಂದು ಒಳಗಿನಿಂದಲೇ ಚೆಂಡನ್ನು ಎಸೆದರು. ನನ್ನ ಎರಡೂ ಕೈಗಳು ತಾವಾಗಿಯೇ ಮೇಲೆ ಹೋದವು. ಚೆಂಡು ಬಂದು ಅಂಗೈಗಳ ನಡುವೆ ಕುಳಿತಿತು, ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು, ಅವರು ಹೇಳಿದ ದರವನ್ನೇ ಎಣಿಸಿ ಕೊಟ್ಟುಬಿಟ್ಟೆ. ಅದಕ್ಕೇ ಹೇಳುತ್ತೇನೆ, ದರ ತೀರ್ಮಾನವಾಗುವ ಮೊದಲು ಸಾಮಾನನ್ನು ಕೈಯಲ್ಲಿ ಹಿಡಿಯಬೇಡಿ. ಸೀರೆಯಾದರೂ ಅಷ್ಟೆ, ಸೌತೆಕಾಯಿಯಾದರೂ ಅಷ್ಟೆ.

ನಮ್ಮ ವಿಶ್ವವಿದ್ಯಾಲಯದ ಮಹಿಳಾ ಬಾಸ್ಕೆಟ್‌ಬಾಲ್ ತಂಡದ ಚರಿತ್ರೆಯನ್ನು ಈಗ ಯಾರಾದರೂ ಬರೆದರೆ ಗೆದ್ದ ಕಪ್ಪುಗಳಿಂದಲೇ ಬರೆಯಲು ಶುರುಮಾಡುತ್ತಾರೆ. ಕಪ್ಪುಗಳಿಗಿಂತ ಮೊದಲಿನ ಅಧ್ಯಾಯ ನನಗೆ ಗೊತ್ತು. ಅದು ಶುರುವಾಗುವುದು ಥ್ರೋಬಾಲಿನಿಂದ.

ನಮ್ಮ ಕಡೆ ಹೆಣ್ಣುಮಕ್ಕಳು ಶಾಲೆಯಲ್ಲಿ ಆಡುತ್ತಿದ್ದದ್ದು ಥ್ರೋಬಾಲ್. ನಡುವೆ ಒಂದು ನೆಟ್ಟು. ಆಚೆಯಿಂದ ಬಂದ ಚೆಂಡನ್ನು ಎರಡೂ ಕೈಗಳಲ್ಲಿ ಹಿಡಿಯಬೇಕು, ಹಿಡಿದ ಮೇಲೆ ಹೆಜ್ಜೆ ಕೀಳಬಾರದು, ಮೂರು ಸೆಕೆಂಡಿನೊಳಗೆ ಆಚೆಗೇ ಎಸೆಯಬೇಕು. ಚೆಂಡು ನೆಲಕ್ಕೆ ಬಿದ್ದರೆ ಮಾನ ಹೋಯಿತು. ಇಡೀ ಆಟದ ಜಾಣತನ ಇರುವುದು ಎದುರಿನವರಲ್ಲಿ ಯಾರೂ ನಿಂತಿರದ ಜಾಗವನ್ನು ಕಣ್ಣಲ್ಲೇ ಹುಡುಕಿ ಅಲ್ಲಿಗೆ ಹಾಕುವುದರಲ್ಲಿ. ಅದರಲ್ಲಿ ನಾನು ಗಟ್ಟಿಗಿತ್ತಿಯಾಗಿದ್ದೆ. ಪರರ ಕಡೆ ಎಲ್ಲಿ ಖಾಲಿ ಇದೆ ಎಂದು ಹುಡುಕುವ ಬುದ್ಧಿ ಮುಂದೆ ವ್ಯಾಪಾರಕ್ಕೂ ಬಂತು, ಅದು ಬೇರೆ ಮಾತು.

ಡಿಗ್ರಿಗೆ ಮೂಡುಬಿದಿರೆಯಲ್ಲಿ ಸೀಟು ಸಿಕ್ಕಿತು. ನಮ್ಮ ಮನೆ ಕಕ್ಕಿಂಜೆಯಲ್ಲಿ. ಬೆಳ್ತಂಗಡಿಗೆ ಬರುವಷ್ಟರಲ್ಲೇ ಅರ್ಧ ಜೀವ ಹೋಗಿರುತ್ತದೆ, ಮತ್ತೆ ವೇಣೂರು ದಾಟಿ ಹೋಗಬೇಕು. ಹಾಸ್ಟೆಲಿಗೆ ಕಟ್ಟುವ ಶಕ್ತಿ ನಮಗಿರಲಿಲ್ಲ. “ಹಾಸ್ಟೆಲ್ ಫ್ರೀ ಆದ್ರೆ ಓದು, ಇಲ್ಲದಿದ್ರೆ ಇಲ್ಲಿಗೇ ಸಾಕು ಮಾಡು” ಎಂದು ಅಪ್ಪ ಖಡಾಖಂಡಿತ ಹೇಳಿದ್ದರು. ವಿಶ್ವವಿದ್ಯಾಲಯದ ಹೊಸ ತಂಡ ಕಟ್ಟುವ ಕೆಲಸ ಆ ವರ್ಷ ನಮ್ಮ ಕಾಲೇಜಿನ ಪಿ.ಡಿ. ಸರ್ ತಲೆಗೆ ಬಿದ್ದಿತ್ತು. ಆಟ ಕಲಿಸುವ ಅವರನ್ನು ನಾವು ಹಾಗೆಯೇ ಕರೆಯುತ್ತಿದ್ದೆವು. ಬಾಗಿಲಿಗೆ ತಲೆ ತಾಗುವ ನನ್ನನ್ನು ನೋಡಿ ಅವರ ಕಣ್ಣು ಅರಳಿತು.

“ಎಷ್ಟು ಎತ್ತರ ಇದ್ದೀ ನೀನು?”

“ನಿಮಗೆ ಎಷ್ಟು ಬೇಕಿತ್ತು ಸರ್?”

“ಬಾಸ್ಕೆಟ್‌ಬಾಲ್ ಗೊತ್ತುಂಟಾ?”

“ಕಲಿಸಿದ್ರೆ ಗೊತ್ತಾಗ್ತದೆ. ಆದ್ರೆ ಕಕ್ಕಿಂಜೆಯಿಂದ ದಿನಾ ಬಂದು ಕಲೀಲಿಕ್ಕೆ ಆಗುದಿಲ್ಲ. ಹಾಸ್ಟೆಲ್ ಬೇಕು.”

“ಅದು ಕೊಡುವ.”

“ಊಟ?”

“ಊಟ ಬೇರೆಯಾ!”

“ಊಟ ಇಲ್ಲದೆ ಹಾಸ್ಟೆಲಲ್ಲಿ ಎಂತ ಗೋಡೆ ನೋಡುದಾ ಸರ್?”

ಸರ್ ಸೋತರು. ಆದರೆ ಮೇಲಿನವರ ಷರತ್ತೊಂದಿತ್ತು. ತಂಡ ಸೆಮಿಫೈನಲ್ ತನಕವಾದರೂ ಹೋಗದಿದ್ದರೆ ಮರುವರ್ಷ ತಂಡವೂ ಇಲ್ಲ, ಹಾಸ್ಟೆಲೂ ಇಲ್ಲ. “ಹೊಸ ತಂಡ ಅಲ್ವಾ ಸರ್, ಒಂದು ಮ್ಯಾಚ್ ಗೆದ್ದರೆ ಸಾಕು ಅಂತ ಮಾಡುವ” ಎಂದೆ. ಅವರು ಮೇಲೆ ಹೋಗಿ ಮಾತಾಡಿ ಬಂದರು. “ಒಂದು ಅಂತ ಆಯ್ತು. ಅದರಿಂದ ಕೆಳಗೆ ಇಳೀಲಿಕ್ಕೆ ಜಾಗ ಇಲ್ಲ ಮಾರಾಯ್ತಿ!”

ಆಟ ಗೊತ್ತಿದ್ದದ್ದು ನಮ್ಮ ಕ್ಯಾಪ್ಟನ್ ಜೆಸಿಂತಾಳಿಗೆ ಮಾತ್ರ. ಬಂಟ್ವಾಳದ ಹುಡುಗಿ, ಕುಳ್ಳಿ, ಗಾಳಿಯ ಹಾಗೆ ಓಡುತ್ತಿದ್ದಳು. ಮಿಕ್ಕವರೆಲ್ಲ ಥ್ರೋಬಾಲಿನವರು. ಅವರಲ್ಲಿ ಮುಮ್ತಾಜ್ ಎಂಬವಳಿದ್ದಳು. ನಿಂತಲ್ಲಿಂದ ಅವಳನ್ನು ಕದಲಿಸುವುದೆಂದರೆ ಗೋದ್ರೇಜ್ ಕಪಾಟನ್ನು ಸರಿಸಿದ ಹಾಗೆ. “ಕಾಲು ತೆಗಿ ಮುಮ್ತಾಜ್” ಎಂದರೆ, “ಕಾಲು ಉಂಟಲ್ಲ ಸರ್ ಇಲ್ಲೇ, ಎಲ್ಲಿಗೂ ಹೋಗಲಿಲ್ಲ” ಎನ್ನುತ್ತಿದ್ದಳು.

ಪಂದ್ಯಾಟ ನಮ್ಮ ಮೂಡುಬಿದಿರೆಯಲ್ಲೇ ನಡೆಯಿತು. ಒಂದೊಂದು ತಂಡಕ್ಕೆ ಮೂರು ಪಂದ್ಯ. ಮೊದಲ ಪಂದ್ಯದಲ್ಲೇ ಎಡವಟ್ಟಾಯಿತು. ನಾನು ಎಗರಿ ಎಗರಿ ಚೆಂಡು ಹಿಡಿದೆ, ಜನ ಚಪ್ಪಾಳೆ ತಟ್ಟಿದರು. ಹಿಡಿದ ಕೂಡಲೇ ಹಳೆಯ ಅಭ್ಯಾಸದಂತೆ ಎದುರಿನವರ ಕಡೆ ಖಾಲಿ ಜಾಗ ಹುಡುಕಿ ಎಸೆದೆ. ಅವರು ಆರಾಮವಾಗಿ ಓಡಿಬಂದು ಎತ್ತಿಕೊಂಡು ಹೋಗಿ ರಿಂಗಿಗೆ ಹಾಕಿದರು. ಒಮ್ಮೆಯಲ್ಲ, ಮತ್ತೆ ಮತ್ತೆ. ನಮ್ಮ ತಂಡದ ಎಲ್ಲರದ್ದೂ ಅದೇ ಕಥೆ. ಎದುರು ತಂಡದ ಒಬ್ಬಳು ನನಗೆ ಥ್ಯಾಂಕ್ಸ್ ಕೂಡ ಹೇಳಿದಳು. ಎರಡನೆಯ ಪಂದ್ಯವೂ ಹಾಗೇ ಹೋಯಿತು. ಅವತ್ತು ಕಕ್ಕಿಂಜೆಯಿಂದ ಅಮ್ಮ ನೋಡಲು ಬಂದಿದ್ದರು. ಎಲ್ಲರೆದುರೇ ಕೇಳಿದರು, “ಅವರು ಬಂದ ಕೂಡಲೇ ಕೊಡ್ಲಿಕ್ಕೆ ಅದೆಂತ ನೆಂಟರಿಗೆ ಕೊಡುವ ಬೆಲ್ಲ–ನೀರಾ ಮಗ?”

ಜೆಸಿಂತಾಳಿಗೆ ನಗು ಬರಲಿಲ್ಲ. “ಅವರು ನಿನಗೆ ಎಷ್ಟು ಕೊಟ್ಟಿದ್ದಾರೆ, ಹೇಳಿಬಿಡು” ಎಂದಳು. ನಾನು ಅತ್ತುಬಿಟ್ಟೆ. ಇನ್ನೊಂದು ಪಂದ್ಯ ಸೋತರೆ ನನ್ನ ಓದು ಮುಗಿಯುತ್ತಿತ್ತು. ಕೈಗೆ ಬುದ್ಧಿ ಹೇಳಿದರೆ ಅದು ಕೇಳುತ್ತಿರಲಿಲ್ಲ. ನಾನು ಮೂಗು ಒರೆಸಿಕೊಳ್ಳುವುದನ್ನು ನೋಡಿ ಜೆಸಿಂತಾ ಪಕ್ಕದಲ್ಲಿ ಕುಳಿತಳು.

“ಖಾಲಿ ಜಾಗ ಕಂಡರೆ ನಿನಗೆ ತಡೀಲಿಕ್ಕೆ ಆಗುದಿಲ್ಲ ಅಲ್ವಾ?”

“ಇಲ್ಲ.”

“ಹಾಗಾದ್ರೆ ಹಾಕು. ಅವರ ರಿಂಗಿನ ಹತ್ತಿರ ಎಲ್ಲಿ ಖಾಲಿ ಉಂಟೋ ಅಲ್ಲಿಗೇ ಹಾಕು. ನನ್ನನ್ನು ನೋಡಬೇಡ. ಅಲ್ಲಿಗೆ ಅವರಿಗಿಂತ ಮೊದಲು ಬರುದು ನನ್ನ ತಲೆಬಿಸಿ.”

ಇಷ್ಟೇ. ಮಳೆಗಾಲವಿಡೀ ಸರ್ ನಮಗೆ ಚೆಂಡನ್ನು ನೆಲಕ್ಕೆ ಕುಟ್ಟಿಕೊಂಡು ಓಡುವುದನ್ನು ಕಲಿಸಲು ಒದ್ದಾಡಿದ್ದರು. ಅದನ್ನೆಲ್ಲ ಬಿಟ್ಟೆವು. ಮೂರನೆಯ ಪಂದ್ಯದಲ್ಲಿ ನಾವು ಹಿಡಿದೆವು, ಎಸೆದೆವು. ಚೆಂಡು ಯಾರೂ ಇಲ್ಲದಲ್ಲಿಗೆ ಹೋಗುತ್ತಿತ್ತು, ಅದು ಬೀಳುವಷ್ಟರಲ್ಲಿ ಅಲ್ಲಿ ಜೆಸಿಂತಾ ಇರುತ್ತಿದ್ದಳು. ಎದುರಿನವರಿಗೆ ತಲೆಬುಡ ಅರ್ಥವಾಗಲಿಲ್ಲ. ನಮ್ಮವರ ಕಣ್ಣು ಒಂದು ಕಡೆ, ಚೆಂಡು ಒಂದು ಕಡೆ, ಕ್ಯಾಪ್ಟನ್ ಇನ್ನೊಂದು ಕಡೆ.

ಆದರೆ ಆಟ ಮುಗಿಯುತ್ತಾ ಬಂದಾಗ ಐದನೆಯ ಫೌಲಾಗಿ ಜೆಸಿಂತಾ ಹೊರಗೆ ಹೋದಳು. ನಾವು ಒಂದು ಪಾಯಿಂಟು ಹಿಂದೆ. ಚೆಂಡು ನನ್ನ ಕೈಗೆ ಬಂತು. ರಿಂಗಿನ ಬಲಕ್ಕೆ ದನದ ಹಟ್ಟಿ ಕಟ್ಟುವಷ್ಟು ಖಾಲಿ ಜಾಗ. ಬರುವವಳು ಇಲ್ಲ ಎಂದು ತಲೆಗೆ ಹೊಳೆಯುವ ಮೊದಲೇ ಕೈ ಎಸೆದಾಗಿತ್ತು. ಹೋಯಿತು ಎಂದು ಕಣ್ಣು ಮುಚ್ಚಿದೆ.

ಗದ್ದಲ ಕೇಳಿ ಕಣ್ಣು ತೆರೆದರೆ ಮುಮ್ತಾಜ್ ಓಡುತ್ತಿದ್ದಾಳೆ! ಕಪಾಟು ಓಡುತ್ತಿದೆ! ಚೆಂಡು ನೆಲಕ್ಕೆ ತಾಗಲು ಒಂದು ಗೇಣು ಇರುವಾಗ ಹಿಡಿದಳು, ನಿಂತಳು, ನೆಟ್ಟಿನ ಮೇಲಿಂದ ಎಸೆಯುವವಳ ಹಾಗೆ ಒಂದೇ ಕೈಯಲ್ಲಿ ಬೀಸಿದಳು. ಹಲಗೆಗೆ ಬಡಿದ ಸದ್ದಿಗೆ ಮರದಲ್ಲಿದ್ದ ಕಾಗೆಗಳು ಎದ್ದುಹೋದವು. ಚೆಂಡು ರಿಂಗಿನೊಳಗೆ ಇಳಿಯಿತು. ಆಟ ಮುಗಿದ ಸೀಟಿ ಕೇಳಿತು. ಪಿ.ಡಿ. ಸರ್ ಸಂತೋಷ ತಡೆಯಲಾಗದೆ ರೆಫ್ರಿಯನ್ನೇ ಅಪ್ಪಿಕೊಂಡರು. ಆಮೇಲೆ ಮುಮ್ತಾಜಳನ್ನು ಕೇಳಿದರೆ, “ನೆಲಕ್ಕೆ ಬೀಳ್ತಿತ್ತಲ್ಲ ಮಾರಾಯ್ತಿ, ನೋಡ್ಕೊಂಡು ಹೇಗೆ ನಿಲ್ಲುದು?” ಎಂದಳು.

ತಂಡ ಉಳಿಯಿತು. ಉಳಿದದ್ದೇ ಸುದ್ದಿಯಾಯಿತು. ಮೂಡುಬಿದಿರೆಯಲ್ಲಿ ಒಂದು ತಂಡವಿದೆ ಎಂದು ಕೇಳಿ ಮರುವರ್ಷ ಮೈಸೂರು, ಧಾರವಾಡದ ಕಡೆಯಿಂದ ನಿಜವಾಗಿ ಆಟ ಬಲ್ಲ ಹುಡುಗಿಯರು ಬಂದು ಸೇರಿದರು. ಹೊಸ ಆಯ್ಕೆಯಲ್ಲಿ ಜೆಸಿಂತಾಳ ಹೆಸರಿತ್ತು. ಮುಮ್ತಾಜಳದ್ದೂ ಇಲ್ಲ, ನನ್ನದೂ ಇಲ್ಲ. ಮುಮ್ತಾಜಳ ಮನೆ ಹತ್ತಿರವೇ, ಅವಳಿಗೆ ಚಿಂತೆಯಿಲ್ಲ. ನಾನು ಸರ್ ಹತ್ತಿರ ಓಡಿದೆ.

“ಒಂದು ಮ್ಯಾಚ್ ಗೆದ್ದರೆ ಹಾಸ್ಟೆಲ್ ಅಂತ ಹೇಳಿದ್ರಲ್ಲ ಸರ್!”

ಅವರಿಗೂ ಬೇಸರವಿತ್ತು. ಮುಖ ನೋಡದೆ ಹೇಳಿದರು, “ಗೆದ್ದರೆ ತಂಡ ಉಳಿತದೆ ಅಂತ ಹೇಳಿದ್ದು. ನೀನು ಉಳಿತೀ ಅಂತ ಮಾತಾಗಲಿಲ್ಲ.”

ಇಷ್ಟು ವರ್ಷಗಳ ವ್ಯಾಪಾರದಲ್ಲಿ ನನ್ನ ಬಾಯಿಯನ್ನು ಅಷ್ಟು ಚೆನ್ನಾಗಿ ಯಾರೂ ಮುಚ್ಚಿಸಿಲ್ಲ. ಆದರೂ ಬಾಗಿಲ ತನಕ ಹೋದವಳು ತಿರುಗಿದೆ. “ಇಷ್ಟು ಜನರ ಜೆರ್ಸಿ ಹೊಲಿಸ್ಲಿಕ್ಕೆ, ಬಸ್ಸಿನವರ ಹತ್ತಿರ, ಹೋಟೆಲಿನವರ ಹತ್ತಿರ ರೇಟು ಮಾತಾಡ್ಲಿಕ್ಕೆ ಜನ ಬೇಡವಾ ಸರ್? ನಿಮಗೆ ಬರ್ತದಾ ಅದು?” ಸರ್ ನಕ್ಕರು. ಹಾಸ್ಟೆಲ್ ಉಳಿಯಿತು, ಊಟವೂ. ಜೆರ್ಸಿ ಹೊಲಿಸುತ್ತಾ ಹೊಲಿಸುತ್ತಾ ನಾನೇ ಹೊಲಿಯಲು ಕಲಿತೆ.

ಇದು ಕೇಳಲು ಚೆಂದ. ಆದರೆ ಆಟದ ಅಂಗಳದ ಹೊರಗೆ ನೀರಿನ ಬಾಟಲಿ ಹಿಡಿದು ನಿಂತದ್ದು ನನಗೆ ಒಳಗೊಳಗೇ ಚುಚ್ಚುತ್ತಿತ್ತು. ಡಿಗ್ರಿ ಮುಗಿದ ಮೇಲೆ ಆ ಅಂಗಳದ ಕಡೆ ತಲೆ ಹಾಕಿರಲಿಲ್ಲ. ಮೊನ್ನೆ ಮೂಡುಬಿದಿರೆಯಲ್ಲಿ ಆ ಚೆಂಡು ಕೊಂಡ ಮೇಲೆ ಕಾಲು ತಾನಾಗಿ ಅಲ್ಲಿಗೆ ಹೋಯಿತು. ಹುಡುಗಿಯರು ಆಡುತ್ತಿದ್ದರು, ನಮ್ಮ ಹತ್ತರಷ್ಟು ಚೆನ್ನಾಗಿ. ಮೆಟ್ಟಿಲ ಮೇಲೆ ಒಬ್ಬಳು ಶೂ ಬಿಚ್ಚಿಟ್ಟು ಕುಳಿತಿದ್ದಳು.

“ನೀನು ಆಡುದಿಲ್ವಾ?” ಎಂದು ಕೇಳಿದೆ.

“ಈ ಸಲ ನನ್ನ ಹೆಸರಿಲ್ರಿ ಆಂಟಿ. ಹಾಸ್ಟೆಲ್ ಬಿಡಬೇಕಾಕ್ಕೇತೋ ಏನೋ.”

“ನಿಮ್ಮ ಸರ್ ಹತ್ತಿರ ಎಂತ ಮಾತಾಡಿದ್ದೀ?”

“ಮಾತಾಡೋದ ಏನೈತ್ರಿ ಅದ್ರಾಗ?”

ನಾನು ಅವಳ ಪಕ್ಕದಲ್ಲಿ ಕುಳಿತೆ. ಕೊನೆಯ ಬಸ್ಸಿನ ತನಕ ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಮಗಳನ್ನು ಆಟಕ್ಕೆ ಕಳಿಸಿ ಎಂದು ಯಾರಾದರೂ ಮನೆಗೆ ಬಂದರೆ ಖಂಡಿತ ಕಳಿಸಿ. ಹಾಸ್ಟೆಲು, ಊಟ, ಬಸ್ ಚಾರ್ಜು ಒಟ್ಟಿಗೇ ಮಾತಾಡಿ. ಬಿಡಿಬಿಡಿಯಾಗಿ ಕೇಳಿದರೆ ಒಂದಾದರೂ ಕೈತಪ್ಪುತ್ತದೆ. ಸೋತರೆ ಏನಾಗುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ನೀವು ಅದರ ಜೊತೆಗೆ ಇನ್ನೊಂದು ಕೇಳಿ, ಗೆದ್ದರೆ ಇವಳಿಗೆ ಏನು ಎಂದು. ಉತ್ತರ ಸಿಗುವ ತನಕ ಕುರ್ಚಿಯಿಂದ ಏಳಬೇಡಿ.