ಅಣ್ಣನ ಕಾರಿನ ಹಿಂಭಾರ

ಅಣ್ಣ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂತರೂ ಅವನ ಬಲಗಾಲಿನ ಹೆಬ್ಬೆರಳು ಸುಮ್ಮನಿರುತ್ತಿರಲಿಲ್ಲ. ರೊಟ್ಟಿ ಮುರಿಯುವಾಗ ಮೆಲ್ಲಗೆ ಒತ್ತುವುದು, ಪಲ್ಯ ಖಾರವಾದರೆ ಜೋರಾಗಿ ಒತ್ತುವುದು. ಉಗುರು ಎಣ್ಣೆ ಕುಡಿದು ಕಪ್ಪಗಿತ್ತು. “ಉಣ್ಣೋವಾಗಾದ್ರೂ ಗಾಡಿ ನಿಲ್ಸೋ ಮಾರಾಯ” ಎಂದು ಅವ್ವ ತಟ್ಟೆ ಕುಕ್ಕುತ್ತಿದ್ದಳು.

ಮೈಸೂರು ರಾಜ್ಯ ದೊಡ್ಡದಾದ ಒಂದೆರಡು ವರ್ಷಕ್ಕೆ ಅವನು ಶಿಕಾರಿಪುರಕ್ಕೆ ಆ ಕಾರು ತಂದ. ಅಮೆರಿಕದ್ದು, ಎಂಟು ಸಿಲಿಂಡರಿನದು, ಯಾರೋ ಸಾಹುಕಾರರು ಓಡಿಸಿ ಸಾಕಾಗಿ ಮಾರಿದ್ದು. ಅದನ್ನು ಬಾಡಿಗೆಗೆ ಓಡಿಸತೊಡಗಿದ. ನಮ್ಮ ಬೀದಿಯಲ್ಲಿ ಅದು ತಿರುಗುತ್ತಿರಲಿಲ್ಲ. ಹಿಮ್ಮುಖವಾಗಿ ಬಂದು ಬಾಗಿಲಿಗೆ ಅಡ್ಡ ನಿಲ್ಲುವುದು, ನಾವು ಹೊಟ್ಟೆ ಒಳಗೆಳೆದುಕೊಂಡು ಮನೆ ಸೇರುವುದು. ದಿನಾ ಬೆಳಿಗ್ಗೆ ಅದಕ್ಕೆ ಎರಡು ಕೊಡ ನೀರು ಹೊರುವ ಕೆಲಸ ನನ್ನದು. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು, ಮದುವೆಯಾಗದೆ ಮನೆಯಲ್ಲಿದ್ದವಳು, ಇನ್ನೇನು ಮಾಡುತ್ತಿದ್ದೆ. ಒಮ್ಮೆ ಆನವಟ್ಟಿಯವರೆಗೆ ನನ್ನನ್ನೂ ಕೂರಿಸಿಕೊಂಡು ಹೋಗು ಎಂದರೆ, “ಬಾಡಿಗೆ ಐತಿ, ಆಮ್ಯಾಲೆ ನೋಡೋಣ” ಎನ್ನುತ್ತಿದ್ದ. ಆ ಆಮೇಲೆ ಬರಲೇ ಇಲ್ಲ.

ಅದರ ಗುಣಗಾನವನ್ನಂತೂ ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು. ನೇರ ರಸ್ತೆಯಲ್ಲಿ ಅದು ದಾಟುವಾಗ ಬಸ್ಸು ನಿಂತೇ ಇದೆ ಅನಿಸುತ್ತದಂತೆ. ಎಂಟು ಜನ ಕೂತರೂ ಏರಿನಲ್ಲಿ ಉಸಿರು ಬಿಡುವುದಿಲ್ಲವಂತೆ. ಬಾಣಂತಿಯನ್ನು ಕರೆತಂದರೆ ಕೂಸು ನಿದ್ದೆಯಿಂದ ಏಳುವುದಿಲ್ಲವಂತೆ. ಇದೆಲ್ಲ ನಿಜವೇ. ಆದರೆ ಓಡಲು ಇದ್ದ ಹುರುಪು ಅದಕ್ಕೆ ನಿಲ್ಲಲು ಇರಲಿಲ್ಲ. ಬ್ರೇಕು ಒತ್ತಿ ಶಿವನ ಧ್ಯಾನ ಮಾಡಬೇಕು. ಎದುರಿಗೆ ಚಕ್ಕಡಿ ಬಂದರೆ ಇಬ್ಬರಲ್ಲಿ ಒಬ್ಬರು ಗದ್ದೆಗೆ ಇಳಿಯಬೇಕು. ಪೆಟ್ರೋಲಿನ ಮಾತು ಬೇಡ. “ನಮ್ ಎತ್ತು ಕಟ್ಟಿಹಾಕಿದ್ರೆ ಸಗಣಿನಾದ್ರೂ ಹಾಕ್ತಾವೆ. ನಿಮ್ದು ಏನ್ ಹಾಕ್ತೈತ್ರೀ?” ಎಂದು ಎದುರು ಮನೆಯಾಕೆ ಕೇಳಿದರೆ ಅಣ್ಣ ನಗುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ.

ಅವನೇ ಒಪ್ಪಿಕೊಳ್ಳುತ್ತಿದ್ದ ದೋಷ ಒಂದೇ. “ಮುಂದಿನ ಗಾಲಿ ದಾರಿ ಹಿಡಿತಾವೆ, ಹಿಂದಿನವು ತಳ್ತಾವೆ. ಇಂಜಿನ್ ಭಾರೆಲ್ಲ ಮುಂದೈತಿ. ಹಿಂದೆ ಖಾಲಿ ಇದ್ರೆ ಇಷ್ಟು ಶಕ್ತಿನೂ ರಾಡಿಯಾಗೆ ಹುಣಸೆಹಣ್ಣು ಕಿವುಚಿದಂಗೆ ತಂಗೀ.” ಅದಕ್ಕೆ ಮಳೆಗಾಲವಿಡೀ ಡಿಕ್ಕಿಯಲ್ಲಿ ನಾಲ್ಕು ಚೀಲ ಹೊಳೆಮರಳು ಇಟ್ಟಿರುತ್ತಿದ್ದ. ಬೇಸಿಗೆಯಲ್ಲಿ ಕುಮುದ್ವತಿಯಿಂದ ತಂದು, ಒಣಗಿಸಿ, ಜರಡಿ ಹಿಡಿದ ಮರಳು. ಕೆಸರಲ್ಲಿ ಗಾಲಿ ಜಾರಿದರೆ ಅದರದೇ ಒಂದು ಬೊಗಸೆ ಗಾಲಿಯ ಕೆಳಗೆ. ಜಾರದಿದ್ದರೆ ಬರೀ ಭಾರ.

ನಾಗರಪಂಚಮಿಗೆ ನಮ್ಮಲ್ಲಿ ಜೋಳದ ಅರಳು ಆಗಲೇಬೇಕು. ಅರಳು ಹುರಿಯಲು ಒಣಮರಳು ಬೇಕು. ಅದನ್ನು ಬೇಸಿಗೆಯಲ್ಲೇ ತಂದು ಅಟ್ಟಕ್ಕೆ ಹಾಕಬೇಕು. ಆ ವರ್ಷ ನಾನು ಮರೆತಿದ್ದೆ. ಕೇರಿಯವರೆಲ್ಲ ನನ್ನನ್ನೇ ನಂಬಿ ಮರೆತಿದ್ದರು. ವಾರದಿಂದ ಮಳೆ, ಹೊಳೆ ಕೆಂಪಗೆ ಹರಿಯುತ್ತಿತ್ತು. ಹಬ್ಬದ ಹಿಂದಿನ ದಿನ ಹೆಂಗಸರು ಬುಟ್ಟಿ ಹಿಡಿದು ಬಂದು ನಿಂತರು. ಅಣ್ಣ ಪೇಟೆಗೆ ಹೋಗಿದ್ದ, ಕಾರು ಬಾಗಿಲಲ್ಲಿತ್ತು. ಇಷ್ಟು ದಿನ ನನ್ನ ಕೈಯಲ್ಲಿ ನೀರು ಹೊರಿಸಿದೆ, ಇವತ್ತೊಂದು ದಿನ ನೀನು ಕೊಡು ಎಂದು ಕಾರಿಗೇ ಹೇಳಿ ಡಿಕ್ಕಿ ತೆಗೆದೆ. ಮೂರು ಚೀಲ ಬರಿದಾಯಿತು. ನನಗೆ ಒಂದು ಬುಟ್ಟಿ ಸಾಕಿತ್ತು, ಉಳಿದದ್ದು ದೊಡ್ಡಸ್ತಿಕೆಗೆ ಹಂಚಿದ್ದು.

ಅಷ್ಟಕ್ಕೆ ಬಿಟ್ಟಿದ್ದರೆ ಅವನು ನೋಡಿ ಬೈಯುತ್ತಿದ್ದ, ಮುಗಿಯುತ್ತಿತ್ತು. ಬೈಗುಳಕ್ಕೆ ಹೆದರಿ ಮೂರೂ ಚೀಲಕ್ಕೆ ಭತ್ತದ ಹೊಟ್ಟು ತುಂಬಿದೆ. ಮೊದಲಿನಂತೆ ಬಾಯಿ ಕಟ್ಟಿ, ಹೊಟ್ಟೆ ಉಬ್ಬಿಸಿ ಇಟ್ಟೆ. ಹಬ್ಬ ಮುಗಿದ ಮೇಲೆ ಎಲ್ಲರಿಂದ ಮರಳು ವಾಪಸು ತಂದು ತುಂಬುವುದೆಂದು ಲೆಕ್ಕ.

ಮರುದಿನ ಮೊದಲ ಬಸ್ಸಿಗೆ ಕುಪ್ಪಗಡ್ಡೆಯ ಒಬ್ಬ ರೈತ ಬಂದ. ಹೆಂಡತಿಗೆ ಹಿಂದಿನ ದಿನದಿಂದ ಹೆರಿಗೆ ನೋವು, ಸೊರಬದಲ್ಲಿ ಕಾರು ಸಿಗಲಿಲ್ಲ. ಅಣ್ಣ ಅರಳು ಬಾಯಿಗೆ ಹಾಕಿಕೊಳ್ಳುತ್ತಿದ್ದವನು ಹಾಗೇ ಎದ್ದ. ನಾನು ಒಲೆಯ ಮುಂದೆ ಕೂತಿದ್ದೆ. ನಿಲ್ಲು ಎನ್ನಲು ಎರಡು ಅಕ್ಷರ. ಡಿಕ್ಕಿ ನೋಡದೆ ಹೋಗಬೇಡ ಎನ್ನಲು ಇನ್ನೆರಡು ಮಾತು. ಆ ರೈತನ ಎದುರು ಬೈಸಿಕೊಳ್ಳುವುದು ಬೇಡವೆನಿಸಿತು. ಇಂಜಿನ್ನಿನ ಸದ್ದು ಬೀದಿ ದಾಟಿ ಹೋಯಿತು.

ಸೊರಬ ದಾಟಿದ ಮೇಲೆ ಒಂದು ಏರು. ಮುಂದೆ ಇಬ್ಬರು, ಹಿಂದೆ ಯಾರೂ ಇಲ್ಲ, ಕೆಳಗೆ ಕೆಸರು. ಹಿಂಭಾಗ ತಿರುಗಿ ಕಾರು ಚರಂಡಿಗೆ ಬಿತ್ತು. ಅಣ್ಣನ ಬಲಮೊಣಕಾಲು ಪುಡಿಯಾಯಿತು. ಆ ರೈತ ಊರಿಗೆ ಓಡಿ ಚಕ್ಕಡಿ ಕಟ್ಟಿಸಿದ. ಹೆರಿಗೆ ದಾರಿಯಲ್ಲಿ ಚಕ್ಕಡಿಯಲ್ಲೇ ಆಯಿತು, ತಾಯಿ ಕೂಸು ಇಬ್ಬರೂ ಉಳಿದರು. ಅದು ಅವರ ಪುಣ್ಯ, ನನ್ನದಲ್ಲ.

ಹದಿನೈದು ದಿನಕ್ಕೆ ಆ ರೈತ ಬಾಳೆಹಣ್ಣು ಹಿಡಿದು ಅಣ್ಣನನ್ನು ನೋಡಲು ಬಂದ. ಮಾತಿಗೆ ಮಾತು ಬಂದು ಕೇಳಿದ, “ಅಲ್ರೀ, ಡಿಕ್ಕಿ ಬಾಯ್ ಬಿಟ್ಟು ರಸ್ತೆ ತುಂಬ ಹೊಟ್ಟು. ಅದನ್ಯಾಕೆ ತುಂಬ್ಕಂಡಿದ್ರಿ?”

ನಾನು ಕಾಫಿಯ ಲೋಟ ಹಿಡಿದು ಹೊಸ್ತಿಲಲ್ಲಿದ್ದೆ. ಅಣ್ಣ ನನ್ನ ಕಡೆ ನೋಡಲಿಲ್ಲ.

“ಇಟ್ಟಿಗೆ ಭಟ್ಟಿಗೆ ಕೊಡೋದಿತ್ತು. ತಪ್ಪು ನಂದೇ ಬಿಡ್ರಿ, ಜೋರು ಬಿಟ್ಟೆ.”

ಊರೂ ಅದನ್ನೇ ಹೇಳಿತು. ದೊಡ್ಡ ಕಾರಿನ ಸೊಕ್ಕು ಎಂದಿತು. ಕಾರು ಗುಜರಿಗೆ ಹೋಯಿತು. ಅಣ್ಣನ ಕಾಲು ಮತ್ತೆ ಮಡಚಲಿಲ್ಲ. ಅದನ್ನು ನೀಡಿಕೊಂಡೇ ಊಟಕ್ಕೆ ಕೂರುತ್ತಿದ್ದ. ಹೆಬ್ಬೆರಳು ಅಲ್ಲಾಡುತ್ತಿರಲಿಲ್ಲ. ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡ.

ಒಮ್ಮೆ ಧೈರ್ಯ ಮಾಡಿ, “ಅಣ್ಣಾ, ಅವತ್ತಿನ ಹೊಟ್ಟು...” ಎಂದೆ.

“ಜೋಳಕ್ಕೆ ನೀರು ಹೊಡೆದಿಟ್ಟೆಯೇನು?” ಎಂದ. “ಹೋದ ವರ್ಷ ಅರ್ಧ ಅರಳಲೇ ಇಲ್ಲ.”

ನನಗೆ ಸಿಟ್ಟು ನೆತ್ತಿಗೇರಿತು. ತಪ್ಪು ಮಾಡಿದವಳಿಗೆ ತಪ್ಪು ಹೇಳಿಕೊಳ್ಳಲೂ ಬಿಡದ ಮನುಷ್ಯನ ಜೊತೆ ಬಾಳುವುದು ಹೇಗೆ? ಬೈದು ಹಗುರ ಮಾಡಬಾರದಿತ್ತೆ? ಅದರ ಬದಲು ಪ್ರತಿ ಬೇಸಿಗೆ ಆ ಕಾಲೆಳೆದುಕೊಂಡು ಹೊಳೆಗೆ ಹೋಗುತ್ತಿದ್ದ. ಮರಳು ತಂದು, ಒಣಗಿಸಿ, ಜರಡಿ ಹಿಡಿದು, ಯಾರ ಕೈಯಲ್ಲೋ ಅಟ್ಟಕ್ಕೆ ಹೊರಿಸುತ್ತಿದ್ದ. ಬೇಡವೆಂದು ಜಗಳ ಮಾಡಿದರೆ, “ಪಂಚಮಿಗೆ ಬೇಕಲ್ಲ” ಎನ್ನುವುದು.

ಅವನು ಹೋದದ್ದು ಒಂದು ಬೇಸಿಗೆಯ ಕೊನೆಗೆ. ಸಾವಾದ ಮನೆಯಲ್ಲಿ ಆ ವರ್ಷ ಹಬ್ಬವಿಲ್ಲ. ಪಂಚಮಿಯ ಹಿಂದಿನ ದಿನ ಕೇರಿಯ ಹೆಂಗಸರು ಬುಟ್ಟಿ ಹಿಡಿದು ಬಂದು, ಕೇಳಲಾರದೆ ಅಂಗಳದಲ್ಲಿ ನಿಂತರು. ನಾನು ಅಟ್ಟ ಹತ್ತಿದೆ. ಯಾವಾಗಲೂ ಇರುವಷ್ಟೇ ಇತ್ತು, ಬಾಯಿ ಬಿಗಿದು ಕಟ್ಟಿದ ಮೂರು ಚೀಲ.