ಬರೆದಷ್ಟೇ ಮಾಡುವ ಮೇಡಂ

ಬೆಳಗಿನ ಆರು ಗಂಟೆ. ಎಂಜಿನಿಯರಿಂಗ್ ಕಾಲೇಜಿನ ಪಂಪ್ ಪ್ರಯೋಗಾಲಯದಲ್ಲಿ ಒಂದೇ ದೀಪ ಉರಿಯುತ್ತಿದೆ. ಮೇಡಂ ಎಡಗೈಯಲ್ಲಿ ವಿದ್ಯಾರ್ಥಿಯೊಬ್ಬ ಬರೆದ ಹಾಳೆ. 'ವಾಲ್ವ್ ತೆರೆಯಿರಿ' ಎಂದಿದೆ, ಯಾವ ವಾಲ್ವ್ ಎಂದಿಲ್ಲ. ಗೊತ್ತಿದ್ದೂ ಅವರು ಕೈಗೆ ಸಿಕ್ಕಿದ್ದನ್ನೇ ತಿರುಗಿಸುತ್ತಾರೆ. ನೀರು ಭುಸ್ಸೆಂದು ಚಿಮ್ಮಿ ಕೋಟು ತೊಪ್ಪೆಯಾಗುತ್ತದೆ. ಹಾಳೆಯ ಅಂಚಿಗೆ ಕೆಂಪು ಅಕ್ಷರ ಬೀಳುತ್ತದೆ: 'ಒದ್ದೆಯಾದೆ. ಮತ್ತೆ ಬರಿ.'

ವಿದ್ಯಾರ್ಥಿಗಳ ಬಾಯಲ್ಲಿ ಇವರು 'ಮತ್ತೆಬರಿ ಮೇಡಂ'. ಹತ್ತೊಂಬತ್ತು ವರ್ಷಗಳಿಂದ ಇಲ್ಲಿ ಪ್ರಯೋಗಾಲಯದ ಬೋಧಕಿ. ವಾರಕ್ಕೊಂದು ಗಂಟೆ ಬರವಣಿಗೆ. ಯಂತ್ರವನ್ನೇ ಕಾಣದವರೂ ನಡೆಸುವಂತೆ ಒಂದು ಪುಟ ಬರೆಯಬೇಕು. ಒಟ್ಟು ಅರವತ್ತೆಂಟು ಹಾಳೆ. ದಿನಕ್ಕೆ ಹನ್ನೆರಡರಂತೆ, ಯಂತ್ರದ ಮುಂದೆ ನಿಂತೇ ಓದುತ್ತಾರೆ. ಹಾಳೆ ಹೇಳಿದ್ದಕ್ಕಿಂತ ಒಂದು ಕೂದಲೆಳೆಯಷ್ಟೂ ಹೆಚ್ಚು ಮಾಡುವುದಿಲ್ಲ.

ಈ ಹಠ ಹುಟ್ಟಿದ್ದು ಅಣ್ಣನಿಂದ. ಅಣ್ಣ ಕೆಲಸಕ್ಕಿದ್ದ ಕಾರ್ಖಾನೆಯಲ್ಲಿ ಹಿಂದಿನ ಪಾಳಿಯವನು 'ಯಂತ್ರ ನೋಡಿದೆ' ಎಂದಷ್ಟೇ ಬರೆದಿಟ್ಟು ಹೋಗಿದ್ದ. ರಿಪೇರಿಯಾಗಿದೆ ಎಂದು ನಂಬಿ ಕೈಯಿಟ್ಟ ಅಣ್ಣ ಬೆರಳು ಕಳೆದುಕೊಂಡರು. "ಆತ ಕೆಟ್ಟವನಲ್ಲ ಕಣ್ರೀ. ಇನ್ನೊಂದು ಸಾಲು ಬರೆಯೋಕೆ ಬೇಜಾರು ಮಾಡ್ಕೊಂಡ, ಅಷ್ಟೆ" ಎನ್ನುತ್ತಾರೆ ಮೇಡಂ, ಅವರ ಬಗ್ಗೆ ಬರೆಯಲು ಬಂದ ನನ್ನೊಡನೆ. ಈ ಕಥೆಯನ್ನು ಪ್ರತಿ ವರ್ಷ ತರಗತಿಗೆ ಹೇಳುತ್ತಾರೆ.

ಈಗ ಆ ಬರವಣಿಗೆಯ ಗಂಟೆಗೇ ಸಂಚಕಾರ ಬಂದಿದೆ. ಅದನ್ನು ಪರೀಕ್ಷೆಯ ತಯಾರಿಗೆ ಬಿಟ್ಟುಕೊಡಿ ಎಂದು ವಿಭಾಗದ ಮುಖ್ಯಸ್ಥರು ಪಟ್ಟು ಹಿಡಿದಿದ್ದಾರೆ. "ಎಂಜಿನಿಯರ್‌ಗೆ ಪ್ರಬಂಧ ಯಾಕಮ್ಮಾ? ಬೇಕೇ ಬೇಕು ಅಂದ್ರೆ ಯಾಕೆ ಅಂತ ಒಂದು ಪುಟ ಬರ್ಕೊಡಿ, ಸೋಮವಾರ ನೋಡೋಣ" ಎಂದಿದ್ದಾರೆ. ಊರವರ ಕೈಲೆಲ್ಲ ಬರೆಸಿದವರು ಈಗ ತಾವೇ ಪೆನ್ನು ಕಚ್ಚುತ್ತಾ ಕೂರುವ ಹೊತ್ತು. ಕೇಳಿ ನನಗೆ ನಗು ತಡೆಯಲಾಗುತ್ತಿಲ್ಲ, ಅವರಿಗೂ ಕೂಡ.

ಬರೆದದ್ದನ್ನು ಅವರು ಮೊದಲು ಕೊಟ್ಟಿರುವುದು ತರಗತಿಗೇ. ಹಾಳೆ ಮರುದಿನ ಹದಿನಾಲ್ಕು ಗುರುತು ಹೊತ್ತು ವಾಪಸಾಗಿದೆ. 'ಬಹಳ ಉಪಯುಕ್ತ' ಎಂಬಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದ್ದಾಳೆ: 'ಯಾರಿಗೆ? ಹೇಗೆ? ನಿಮ್ಮಣ್ಣನ ವಿಷಯ ಯಾಕೆ ಬಿಟ್ಟಿರಿ ಮೇಡಂ?'

"ನನ್ನ ತಪ್ಪು ಹಿಡಿಯೋರು ಹುಟ್ಕೊಂಡ್ರು ನೋಡಿ" ಎನ್ನುವಾಗ ಮೇಡಂ ಕಣ್ಣು ತುಂಬಿವೆ. ತರಗತಿಯಲ್ಲಿ ಹೇಳುವುದು ಬೇರೆ, ಬರೆದು ಮುಖ್ಯಸ್ಥರಿಗೆ ಕೊಟ್ಟರೆ ಅಣ್ಣ ನೊಂದುಕೊಂಡಾರೆಂದು ಆ ವಿಷಯ ಬಿಟ್ಟಿದ್ದರಂತೆ. ನಿನ್ನೆ ಧೈರ್ಯ ಮಾಡಿ ಅವರನ್ನೇ ಕೇಳಿದ್ದಾರೆ.

"ಬರಿ ಅಂದ ಅಣ್ಣ. ಆದ್ರೆ ಸುಮ್ನೆ ಬೆರಳು ಹೋಯ್ತು ಅಂದ್ರೆ ಯಾರಿಗೆ ಗೊತ್ತಾಗುತ್ತೆ, ಯಾವ ಕೈದು, ಎಷ್ಟು, ಎಲ್ಲಾ ಬರಿ ಅಂತ ಎದುರಿಗೇ ಕೈ ಚಾಚಿ ಕೂತ್ಬಿಟ್ಟ."