ರೈಲು ದಾಟುವವರೆಗಿನ ಸಂಗೀತ

ಪೊನ್ನುತಾಯಿಗೆ ಸಿನೆಮಾ ಹಾಡುಗಳು ಅಷ್ಟಾಗಿ ನೆನಪಿರುತ್ತಿರಲಿಲ್ಲ. ಹಾಡು ಬಂದಾಗ ಜನ ಎದ್ದು ತಿನ್ನಲು ಮುರುಕು ತರಲು ಹೋಗುತ್ತಿದ್ದರು, ಅವಳು ಕಾಲು ಚಾಚಿಕೊಳ್ಳುತ್ತಿದ್ದಳು. ಅವಳಿಗೆ ನೆನಪಿರುತ್ತಿದ್ದದ್ದು ಯಾರೂ ಹಾಡದಿದ್ದಾಗ, ಯಾರೂ ಮಾತಾಡದಿದ್ದಾಗ ಹಿಂದಿನಿಂದ ಬರುವ ಸಂಗೀತ.

ಅವಳು ಮದುವೆಯಾಗಿ ಗೂಡಲೂರಿಗೆ ಬಂದ ಹೊಸದರಲ್ಲಿ ಊರ ಹೊರಗೆ ಟೂರಿಂಗ್ ಟಾಕೀಸಿನ ಡೇರೆ ಇತ್ತು. ಮನೆಯಲ್ಲಿ ಇಬ್ಬರು ಸೊಸೆಯರು. ಹಿರಿಯಳು ಪಿಚ್ಚೈಯಮ್ಮಾಳ್, ಕಿರಿಯಳು ಪೊನ್ನುತಾಯಿ. ಇಬ್ಬರೂ ಒಟ್ಟಿಗೆ ಹೋದರೆ ಸಂಜೆ ಹಾಲು ಕರೆಯುವವರು ಯಾರು ಎಂದು ಅತ್ತೆ ಕೇಳುತ್ತಿದ್ದಳು. ಪಿಚ್ಚೈಯಮ್ಮಾಳ ಕಂಕುಳಲ್ಲಿ ಯಾವಾಗಲೂ ಒಂದು ಕೂಸು. ಹೀಗಾಗಿ ಸಿನೆಮಾ ನೋಡುವುದು ಕಿರಿಯಳ ಪಾಲಿಗೂ ಅದರ ಕತೆ ಕೇಳುವುದು ಹಿರಿಯಳ ಪಾಲಿಗೂ ಬಂತು.

ಕೇಳುವ ಜಾಗ ದ್ರಾಕ್ಷಿ ಚಪ್ಪರದ ಕೆಳಗೆ. ಗೊಂಚಲಿನಲ್ಲಿ ಒತ್ತೊತ್ತಾಗಿ ಬಿಟ್ಟ ಹೀಚುಗಳನ್ನು ಸಣ್ಣ ಕತ್ತರಿಯಿಂದ ಕತ್ತರಿಸಿ ಉಳಿದವಕ್ಕೆ ಜಾಗ ಮಾಡಿಕೊಡಬೇಕು. ಕೈ ಮೇಲೆತ್ತಿ, ಕತ್ತು ಹಿಂದಕ್ಕೆ ಹಾಕಿ ಮಾಡುವ ಕೆಲಸ, ಮಾತಿಲ್ಲದಿದ್ದರೆ ಹೊತ್ತು ಹೋಗದು. ಊರಿನ ಮಾತು ತಮಿಳು, ಸಿನೆಮಾವೂ ತಮಿಳು. ಆದರೆ ಚಪ್ಪರದ ಕೆಳಗೆ ಕತೆ ನಡೆಯುತ್ತಿದ್ದದ್ದು ಮನೆಯ ಕನ್ನಡದಲ್ಲೇ. ಸಂಗೀತವನ್ನೂ ಪೊನ್ನುತಾಯಿ ಬಿಡುತ್ತಿರಲಿಲ್ಲ. ಮೂಗಿನಲ್ಲಿ ಪಿಟೀಲು ಎಳೆಯುತ್ತಿದ್ದಳು, ಚಪ್ಪರದ ಕಲ್ಲುಕಂಬಕ್ಕೆ ಕತ್ತರಿ ಬಡಿದು ತಾಳ ಹಾಕುತ್ತಿದ್ದಳು.

ಒಂದು ಸಿನೆಮಾದ ಕೊನೆಯನ್ನು ಪಿಚ್ಚೈಯಮ್ಮಾಳ್ ಮತ್ತೆ ಮತ್ತೆ ಹೇಳಿಸುತ್ತಿದ್ದಳು. ಮನೆ ಬಿಟ್ಟು ಹೋದ ತಮ್ಮನಿಗಾಗಿ ಅಕ್ಕ ರೈಲ್ವೆ ಗೇಟಿನ ಈಚೆ ಕಾದು ನಿಂತಿದ್ದಾಳೆ. ಗೂಡ್ಸ್ ರೈಲು ಅಡ್ಡ ಬರುತ್ತದೆ. ಡಬ್ಬಿಗಳು ಮುಗಿಯುವುದೇ ಇಲ್ಲ. ಅದು ದಾಟಿದ ಮೇಲೆ ಆಚೆ ಕಡೆ ತಮ್ಮ ಇದ್ದಾನೋ ಇಲ್ಲವೋ? ಆಗಿನ್ನೂ ಪಿಚ್ಚೈಯಮ್ಮಾಳ್ ರೈಲನ್ನೇ ಕಂಡವಳಲ್ಲ. ಅವಳಿಗೆ ರೈಲೆಂದರೆ ಪೊನ್ನುತಾಯಿಯ ಬಾಯಿಂದ ಬರುವ ಸದ್ದು.

ಡೇರೆ ಹೋಗಿ ಎಷ್ಟೋ ಕಾಲವಾಯಿತು. ಪಿಚ್ಚೈಯಮ್ಮಾಳ ಮಗ ಮೋಹನ್‌ರಾಜ್ ಮಾವಿನ ವ್ಯಾಪಾರಕ್ಕೆಂದು ಪೆರಿಯಕುಳಂನಲ್ಲಿ ಮನೆ ಮಾಡಿ ತಾಯಿಯನ್ನು ಕರೆದುಕೊಂಡು ಹೋದ. ಕಳೆದ ವರ್ಷ ಸಕ್ಕರೆ ಕಾಯಿಲೆ ಅವಳ ಎರಡೂ ಕಣ್ಣುಗಳನ್ನು ತೆಗೆದುಕೊಂಡಿತು. ಮೊನ್ನೆ ಅವನ ಹೆಂಡತಿ ಜೆಯಂತಿ ಫೋನ್ ಮಾಡಿದಳು.

"ಚಿಕ್ಕಮ್ಮಾ, ಅತ್ತೆ ಮಾತೇ ಆಡ್ತಿಲ್ಲ. ಅರ್ಧ ದೋಸೆ ತಿಂದು ಗೋಡೆ ಕಡೆ ತಿರುಗಿ ಮಲಗ್ತಾರೆ. ನೀವು ಬಂದ್ರೆ ಎದ್ದು ಕೂರ್ತಾರೇನೋ ಅಂತ..."

ಬರಿಗೈಯಲ್ಲಿ ಹೋಗಲು ಪೊನ್ನುತಾಯಿಗೆ ಮನಸ್ಸು ಬರಲಿಲ್ಲ. ದಿಂಡುಕಲ್ಲಿನಲ್ಲಿರುವ ಮಗಳು ಸುಗನ್ಯಾಳಿಗೆ ಹೇಳಿ ಆ ಸಿನೆಮಾದ ಸಂಗೀತವನ್ನು ಹುಡುಕಿಸಿದಳು. ಯಾರೋ ಪುಣ್ಯಾತ್ಮರು ಮಾತು, ಹಾಡು ಎಲ್ಲ ತೆಗೆದು ಹಿನ್ನೆಲೆಯ ಸಂಗೀತವನ್ನಷ್ಟೇ ಇಂಟರ್ನೆಟ್ಟಿಗೆ ಹಾಕಿದ್ದರು. ಸುಗನ್ಯಾ ಅದನ್ನು ತಾಯಿಯ ಫೋನಿಗೆ ಕಳಿಸಿದಳು. ಪಿಚ್ಚೈಯಮ್ಮಾಳ್ ಅಕ್ಕನ ಜೊತೆಗೇ ಮೊದಲು ಕೇಳಬೇಕೆಂದು ಪೊನ್ನುತಾಯಿ ಅದನ್ನು ಮುಟ್ಟದೆ ಬಸ್ಸು ಹತ್ತಿದಳು.

ಪಿಚ್ಚೈಯಮ್ಮಾಳ್ ಒಳಮನೆಯ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಪೊನ್ನುತಾಯಿ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದಳು. ಮಗಳು ಫೋನಿನಲ್ಲಿ ಬಳಸಿದ್ದ ತಮಿಳು ಮಾತೇ ಬಾಯಿಗೆ ಬಂತು.

"ಅಕ್ಕಾ, ನಿಂಗೆ ಇಸೈ ತಂದಿವ್ನಿ."

"ಇಸವಾ?" ಪಿಚ್ಚೈಯಮ್ಮಾಳ್ ತಟ್ಟನೆ ತಿರುಗಿದಳು. "ತಂದ್ಯಾ ತಾಯೀ? ಕೊಡು. ಕುಡಿದು ಮಲಿಕ್ಕೊಂತೀನಿ."

ತಮಿಳಿನಲ್ಲಿ ಇಸೈ ಅಂದರೆ ಸಂಗೀತ, ಮನೆಯ ಕನ್ನಡದಲ್ಲಿ ಇಸ ಅಂದರೆ ವಿಷ. ಬೇರೆ ದಿನವಾಗಿದ್ದರೆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಆದರೆ ಅಕ್ಕ ಅಂಗೈ ಚಾಚಿದ್ದಳು. ಬಾಗಿಲಲ್ಲಿದ್ದ ಜೆಯಂತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಕ್ಕ ಬರೀ ಬೇಜಾರಿನಲ್ಲಿದ್ದಾಳೆ ಎಂದುಕೊಂಡು ಬಂದ ಪೊನ್ನುತಾಯಿಗೆ ಈಗ ನಿಜ ತಿಳಿಯಿತು.

"ಬಾಯಿಗೆ ಬೂದಿ ಹಾಕ! ಪಿಟೀಲು ಬಾರಿಸೋ ಇಸೈ ಅಕ್ಕಾ. ರೈಲು ಗೇಟಿನ ಸಿನೆಮಾ ಪಡ ಇಲ್ವಾ, ಅದರದ್ದು," ಎಂದು ಫೋನ್ ಒತ್ತಿದಳು.

ಮೊದಲು ಒಂದು ಗೊರಗೊರ ಸದ್ದು. ಆಮೇಲೆ ಎಲ್ಲೋ ದೂರದಲ್ಲಿ ಒಂದೇ ತಂತಿ ಮೀಟಿದ ಹಾಗೆ ಟಿಂಯ್. ತುಂಬ ಹೊತ್ತು ಏನೂ ಇಲ್ಲ. ಮತ್ತೆ ಟಿಂಯ್. ಪೊನ್ನುತಾಯಿ ಫೋನನ್ನು ಅಲುಗಾಡಿಸಿ ಕಿವಿಗಿಟ್ಟುಕೊಂಡಳು. ಅಂದು ಡೇರೆಯಲ್ಲಿ ಅವಳು ಕೇಳಿದ್ದು ಇದೇನಾ?

"ಕೊಟ್ಟಿಗೇಲಿ ಯಾವ್ದೋ ಬಕೀಟು ಬಿತ್ತು," ಎಂದಳು ಪಿಚ್ಚೈಯಮ್ಮಾಳ್. "ಟೀವೀನೂ ಹಿಂಗೇಯ. ಮಾತಾಡ್ತಾ ಮಾತಾಡ್ತಾ ಎಲ್ರೂ ಬಾಯಿ ಮುಚ್ಕೊಂಡುಬಿಡ್ತಾರೆ. ಇದು ಕುಯ್ಯೋ ಅಂತದೆ. ಅಳ್ತವ್ರೋ, ಓಡ್ತವ್ರೋ, ಸತ್ತರೋ, ನಂಗೆ ಹೆಂಗೆ ತಿಳೀಬೇಕು? ನಿಲ್ಸು."

ಅವಳು ಮತ್ತೆ ಗೋಡೆ ಕಡೆ ತಿರುಗಿದಳು.

ಪೊನ್ನುತಾಯಿ ನಿಲ್ಲಿಸಲಿಲ್ಲ. ಆ ಕುಯ್ಯೋ ಎನ್ನುವ ಸದ್ದಿನ ಮೇಲೆಯೇ ಮೆಲ್ಲಗೆ ಶುರು ಮಾಡಿದಳು. "ಅಕ್ಕ ನಿಂತವ್ಳೆ. ನೀಲಿ ಸೀರೆ. ಕೈಲಿ ಊಟದ ತೂಕುಪಾತ್ರೆ. ಆ ಕಡೆಯಿಂದ ರೈಲು ಬಂತು..." ಮಾತು ಹತ್ತಿದಂತೆ ಫೋನಿನ ಸಂಗೀತಕ್ಕೆ ಜೀವ ಬಂದಂತಾಯಿತು. ಟಿಂಯ್ ಎಂದಾಗ ಅಕ್ಕ ಗೇಟಿಗೆ ಕೈ ಇಟ್ಟಳು. ಗೊರಗೊರ ಎನ್ನುವುದು ಡಬ್ಬಿಗಳಾಯಿತು. ಕೊನೆಯ ಡಬ್ಬಿ ದಾಟುವಾಗ ಫೋನು ಪೂರ್ತಿ ಸುಮ್ಮನಾಯಿತು.

"ತಪ್ಪು!"

ಪಿಚ್ಚೈಯಮ್ಮಾಳ್ ಮೊಣಕೈ ಊರಿ ಏಳುತ್ತಿದ್ದಳು. "ಅಲ್ಲಿ ಡುಮ್ ಡುಮ್ ಬರಬೇಕು. ಎಲ್ಲಿ ಹೋಯ್ತು?"

"ಅಲ್ಲಿ ಏನೂ ಬರಲ್ಲ ಕಣಕ್ಕಾ. ಫೋನ್‌ನಾಗೆ ಇಲ್ಲವಲ್ಲ."

"ಫೋನ್‌ಗೇನು ಗೊತ್ತು? ನೀನೇ ತಾನೆ ಕತ್ತರಿ ಬಡೀತಿದ್ದಿ? ರೈಲು ಹೋಯ್ತು, ಅವಳ ಎದೆ ಡುಮ್ ಡುಮ್ ಅಂತು, ಆಮೇಲೇ ಅವಳು ಆ ಕಡೆ ನೋಡಿದ್ದು. ಅದಿಲ್ದೆ ಕತೆ ಹೆಂಗೆ ಮುಗೀತದೆ?"

ಆ ಡುಮ್ ಡುಮ್ ಸಿನೆಮಾದ್ದಲ್ಲ, ಪೊನ್ನುತಾಯಿಯದೇ. ಡೇರೆಯಲ್ಲಿ ಆ ಹೊತ್ತು ಯಾರೂ ಉಸಿರಾಡದಿದ್ದಾಗ ಅವಳ ಕಿವಿಗೆ ಬಡಿದಿದ್ದ ಅವಳ ಎದೆಯ ಸದ್ದು.

"ಅತ್ತೇ, ನಾನು ಆ ಪಡ ನೋಡಿಲ್ಲ," ಎಂದಳು ಜೆಯಂತಿ, ಬಾಗಿಲಿಂದ ಎರಡು ಹೆಜ್ಜೆ ಒಳಗೆ ಬಂದು. ಅವಳ ಕನ್ನಡದಲ್ಲಿ ಆಗಾಗ ತಮಿಳು ನುಸುಳುತ್ತಿತ್ತು. "ತಮ್ಮ ವಂದಾನಾ, ಬರ್ಲಿಲ್ವಾ?"

"ಹಂಗೆಲ್ಲ ಕೊನೇದು ಮೊದಲೇ ಹೇಳಕ್ಕಾಯ್ತದಾ? ಕುಂತ್ಕೋ." ಪಿಚ್ಚೈಯಮ್ಮಾಳ್ ಗೋಡೆಗೆ ಬೆನ್ನು ಕೊಟ್ಟು ಕಾಲು ಮಡಚಿ ಕೂತಳು. ಸೆರಗು ಸರಿಮಾಡಿಕೊಂಡಳು. "ಮೊದಲು ಆ ಫೋನ್ ನಿಲ್ಸೇ ಪೊನ್ನು. ಕಾಫಿ ಇಟ್ಟಿದ್ದೀಯಾ ಜೆಯಂತಿ? ಆಮೇಲೆ ತಾ. ಕೇಳು. ಒಂದೂರು. ಊರ ಪಕ್ಕ ರೈಲು. ರೈಲಿನ ಪಕ್ಕಾನೇ ಅವರ ದ್ರಾಕ್ಷಿ ಚಪ್ಪರ..."

"ಪಡದಲ್ಲಿ ಚಪ್ಪರ ಎಲ್ಲಿತ್ತು ಅಕ್ಕಾ? ಬರೀ ಬಯಲು," ಎಂದಳು ಪೊನ್ನುತಾಯಿ.

"ನೀ ನೋಡಿದ ಪಡದಲ್ಲಿ ಇಲ್ದಿರಬಹುದು. ಅಡ್ಡ ಬಾಯಿ ಹಾಕಬೇಡ," ಎಂದು ಗದರಿದ ಪಿಚ್ಚೈಯಮ್ಮಾಳ್, ರೈಲು ಬರಿಸಲು ಎರಡೂ ಕೆನ್ನೆ ಉಬ್ಬಿಸಿದಳು.